ಪರಶರೀರದಲ್ಲಿಟ್ಟ ಗುರುತು

ಒಬ್ಬನ ಶರೀರದೊಳಕ್ಕೆ ಮತ್ತೊಬ್ಬನು ಜೀವವುಳ್ಳ ಪದಾರ್ಥವೊಂದನ್ನು ಕಳುಹಿದ ಮೇಲೆ, ಅದು ಎಲ್ಲಿಗೆ ಹೋಯಿತು, ಉಳಿಯಿತೋ ಅಳಿಯಿತೋ, ಒಂದಿದ್ದದ್ದು ನೂರಾಯಿತೋ ಎಂಬುದನ್ನು ತಿಳಿದಿರತಕ್ಕ ಹೊಣೆ ಕಳುಹಿದವನದಾಗುವುದೇ? ಹೊಣೆಯು ಅವನದೇ ಆದರೆ, ತಿಳಿಯುವ ಸಲುವಾಗಿ ಆ ಪದಾರ್ಥಕ್ಕೆ ಅಳಿಸಲಾಗದ ಗುರುತೊಂದನ್ನು ಹಾಕುವ ಅಧಿಕಾರವೂ ಅವನಿಗೆ ತಾನಾಗಿಯೇ ಬರುವುದೇ? ಈ ಎರಡು ಪ್ರಶ್ನೆಗಳನ್ನು ವಾಚಕರ ಮುಂದಿಡಬೇಕೆಂದು ಈ ಲೇಖನವನ್ನು ಕೈಗೊಂಡಿದ್ದೇನೆ. ಇವು ವೈದ್ಯರಿಗೆ ಮಾತ್ರ ಸಂಬಂಧಪಟ್ಟ ಪ್ರಶ್ನೆಗಳೆಂದು ಮೇಲುನೋಟಕ್ಕೆ ತೋರಬಹುದು. ಹಾಗಲ್ಲ. ಗುರುತನ್ನು ಹೊರುವ ಶರೀರ ನಮ್ಮದು, ನಮ್ಮ ಮಕ್ಕಳದು.

ಔಷಧವನ್ನು ಕುರಿತು ಚರಕ ಸುಶ್ರುತರು ಬಹಳ ವಿಚಾರಮಾಡಿದ್ದಾರೆ. ಆದರೆ ಅವರ ಔಷಧವು ಜಡವಾದುದು. ಕಷಾಯವಾಗಲಿ, ಭಸ್ಮವಾಗಲಿ, ಇಂದಿನ ಮಾತ್ರೆಯಾಗಲಿ ಒಳಹೊಕ್ಕು ತನ್ನ ಕೆಲಸವನ್ನು ಮಾಡಿ, ಜೀರ್ಣವಾಗಿ, ಕೆಲವು ಕಾಲದಲ್ಲಿ ಹೊರಬೀಳುವುದು. ಅದು ಸಂತತಿಯನ್ನು ಹಡೆಯಲಾರದು. ಹೊಟ್ಟೆಗೆಂದು ಕೊಟ್ಟದ್ದು ತನ್ನಿಚ್ಛೆಯಿಂದ ತಲೆಗೆ ನಡೆದುಹೋಗಿ ಅಲ್ಲಿ ಬಿಡಾರ ಹೂಡಲಾರದು. ಈಗ ಬಂದಿರುವುದಾದರೋ ಬೇರೆಯ ಬಗೆ. ಆಕರಕೋಶವೆಂಬ ಜೀವಕೋಶವು ಬಿತ್ತನೆಯ ಕಾಳಿನಂತಹುದು. ತನ್ನಂತಹವೇ ಆದ ಕೋಶಗಳನ್ನೂ ಹಡೆಯಬಲ್ಲದು, ರಕ್ತ, ಮೂಳೆ, ಮಾಂಸ, ನರ ಎಂದು ಬೇರೆಬೇರೆಯಾಗಿಯೂ ಬೆಳೆಯಬಲ್ಲದು. ವಿಜ್ಞಾನಿಗಳು ಇದನ್ನು ಹೊರಗೆ ತೆಗೆದು, ಅದರ ವಂಶವಾಹಿಯಲ್ಲಿ ಬೇಕಾದ ಮಾರ್ಪಾಟನ್ನು ಮಾಡಿ, ತಿರುಗಿ ರೋಗಿಯ ಶರೀರಕ್ಕೆ ಬಿಡುವ ವಿದ್ಯೆಯನ್ನು ಸಾಧಿಸಿದ್ದಾರೆ. ಬಿತ್ತಿದವನು ಹೊಲಕ್ಕೆ ಹೋಗಿ ಮೊಳಕೆಯನ್ನು ನೋಡಬಹುದು. ಮನುಷ್ಯನ ಶರೀರವೆಂಬ ಹೊಲವನ್ನು ಅಗೆದು ನೋಡುವಂತಿಲ್ಲ.

ನೋಡದೆ ಇದ್ದುದರಿಂದ ಎಷ್ಟು ಕಾಲ ಕತ್ತಲಲ್ಲಿ ತಡಕಾಡಿದರೆಂಬುದು ಕುತೂಹಲಕರವಾದ ಸಂಗತಿ. ಹೃದಯಾಘಾತವಾದವರ ಹೃದಯದ ಮಾಂಸಕ್ಕೆ ಕೋಶಗಳನ್ನು ಚುಚ್ಚಿ, ರೋಗಿಯು ಸ್ವಲ್ಪ ಚೇತರಿಸಿಕೊಂಡರೆ ಕೋಶಗಳು ಬೇರೂರಿ ಹೊಸ ಮಾಂಸವಾದುವೆಂದು ಸಂತೋಷಪಟ್ಟರು. ಮುಂದೆ ಪ್ರಾಣಿಗಳಲ್ಲಿ ಹಿಂಬಾಲಿಸಿ ನೋಡಲಾಗಿ, ಚುಚ್ಚಿದವುಗಳಲ್ಲಿ ಬಹುಭಾಗವು ಕೆಲವೇ ದಿನಗಳಲ್ಲಿ ಸತ್ತುಹೋಗುವುವೆಂದು ತಿಳಿಯಿತು. ರಕ್ತನಾಳಕ್ಕೆ ಬಿಟ್ಟವುಗಳಲ್ಲಿ ಅನೇಕವು ಉದ್ದಿಷ್ಟ ಸ್ಥಳವನ್ನು ಸೇರುವ ಮುನ್ನವೇ ಶ್ವಾಸಕೋಶದ ಕಿರುನಾಳಗಳಲ್ಲಿ ಸಿಕ್ಕಿಕೊಂಡುವು. ಚೇತರಿಕೆ ಉಂಟಾದಲ್ಲಿ ಅದಕ್ಕೆ ಕಾರಣವು ಸಾಯುವ ಕೋಶಗಳು ಸ್ರವಿಸಿದ ರಸವೋ, ಶರೀರದ ಸಹಜ ಶಕ್ತಿಯೋ, ಬೇರೆಯ ಔಷಧವೋ ಎಂಬುದು ಇನ್ನೊಂದು ವಿವಾದ.

ನಮ್ಮ ಸೀಮೆಯ ರೈತನೊಬ್ಬನು ನಡೆಯಲಾರದ ತನ್ನ ಮಗನಿಗಾಗಿ, ಪಟ್ಟಣವೊಂದರ ಖಾಸಗಿ ವೈದ್ಯರ ಬಳಿ ಈ ಆಕರಕೋಶದ ಚಿಕಿತ್ಸೆಯನ್ನು ಮೂರು ಸಲ ಕೊಡಿಸಿ, ಕಾಲುವೆ ಕೆಳಗಿನ ಗದ್ದೆಯನ್ನು ಕಳೆದುಕೊಂಡದ್ದನ್ನು ನಾನು ಬಲ್ಲೆ. ಅವನು ಆಮೇಲೆ ನನ್ನನ್ನು ಕೇಳಿದ ಮಾತು ಒಂದೇ: “ಮೇಷ್ಟ್ರೇ, ಅವರು ಬಿಟ್ಟಿದ್ದು ಒಳಗೈತೋ ಇಲ್ವೋ ಅಂತ ನೋಡಾಕೆ ಆಗಾಕಿಲ್ವಾ?” ಎಷ್ಟೋ ಪಂಡಿತರ ಪ್ರಶ್ನೆಗಳಿಗಿಂತ ಇದು ಮೇಲಾದ ಪ್ರಶ್ನೆಯೆಂದು ನನ್ನ ಅಭಿಪ್ರಾಯ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ರಕ್ತದ ಆಕರಕೋಶಗಳನ್ನು ನಿಗದಿಯಾದ ಕೆಲವು ರೋಗಗಳಿಗೆ ಬಳಸುವುದನ್ನು ಬಿಟ್ಟರೆ, ಅನುಮತಿ ಪಡೆದ ಪ್ರಯೋಗದ ಹೊರಗೆ ಹಣ ತೆಗೆದುಕೊಂಡು ಇಂತಹ ಚಿಕಿತ್ಸೆಯನ್ನು ನಡೆಸುವುದು ಅನೀತಿ. ಮಾರ್ಗಸೂಚಿಯು ಕಡತದಲ್ಲಿರುವುದು, ಗದ್ದೆಯು ಪರರ ಪಾಲಾಗಿರುವುದು.

ರೈತನ ಪ್ರಶ್ನೆಗೆ ಉತ್ತರವನ್ನು ಹುಡುಕಿದವರು ಮೊದಲು ಹಿಡಿದ ದಾರಿ ಹೀಗಿತ್ತು. ಕೋಶಗಳನ್ನು ಹೊರಗಿರುವಾಗಲೇ ಅತಿಸೂಕ್ಷ್ಮವಾದ ಕಬ್ಬಿಣದ ಕಣಗಳಲ್ಲಿ ನೆನೆಸಿ ಒಳಗೆ ಬಿಡುವುದು. ಎಂ.ಆರ್.ಐ. ಯಂತ್ರದ ಚಿತ್ರದಲ್ಲಿ ಕಬ್ಬಿಣವಿದ್ದ ಕಡೆ ಕಪ್ಪು ಚುಕ್ಕೆ ಕಾಣುವುದು. ಉಪಾಯವೇನೋ ಸುಲಭ, ದೋಷವು ದೊಡ್ಡದು. ಕೋಶವು ಸತ್ತರೂ ಕಬ್ಬಿಣವು ಸಾಯುವುದಿಲ್ಲ. ಸತ್ತ ಕೋಶವನ್ನು ಶರೀರದ ಕಸಗುಡಿಸುವ ಕೋಶಗಳು ನುಂಗಿ, ಆ ಕಬ್ಬಿಣವನ್ನು ತಾವು ಹೊತ್ತು ಅಲ್ಲಿಯೇ ಕುಳಿತಿರುವುವು; ಚುಕ್ಕೆಯು ಹಾಗೆಯೇ ಕಾಣುತ್ತಿರುವುದು. ಮತ್ತೊಂದು ಕಡೆ, ಬದುಕಿದ ಕೋಶವು ಎರಡಾಗಿ, ನಾಲ್ಕಾಗಿ ಒಡೆಯುತ್ತ ಹೋದಂತೆ ಪ್ರತಿ ತಲೆಮಾರಿಗೂ ಕಬ್ಬಿಣವು ಅರ್ಧಕ್ಕಿಳಿದು ಕೊನೆಗೆ ಕಾಣದಾಗುವುದು. ಸತ್ತದ್ದು ಕಾಣುವುದು, ಬೆಳೆದದ್ದು ಮರೆಯಾಗುವುದು! ತರ್ಕಸಂಗ್ರಹವನ್ನು ಪಾಠಶಾಲೆಯ ಜಗಲಿಯಲ್ಲಿ ಕುಳಿತು ಓದಿದವರಿಗೆ ಇದು ಹಳೆಯ ಪರಿಚಯ. ಬೆಟ್ಟದ ಮೇಲೆ ಹೊಗೆಯಿದ್ದರೆ ಬೆಂಕಿಯುಂಟೆಂದು ಊಹಿಸಬಹುದು. ಆದರೆ ಕಂಡದ್ದು ಹೊಗೆಯೇ ಆಗಿರಬೇಕು, ಮುಂಜಾನೆಯ ಮಂಜಾಗಿರಕೂಡದು. ತಾರ್ಕಿಕರು ಊಹೆಗೆ ಆಧಾರವಾದ ಗುರುತನ್ನು ಲಿಂಗವೆನ್ನುವರು. ಸಾಧ್ಯವಿಲ್ಲದ ಕಡೆಯಲ್ಲಿಯೂ ಇರುವ ಲಿಂಗವು ವ್ಯಭಿಚಾರಿ. ಅದರಿಂದ ಏನನ್ನೂ ಸಾಧಿಸುವಂತಿಲ್ಲ. ಕಬ್ಬಿಣದ ಚುಕ್ಕೆಯು ಅಂತಹ ಲಿಂಗ.

ಆದಕಾರಣ ಗುರುತನ್ನು ಕೋಶದ ಮೈಗೆ ಬಳಿಯದೆ ಅದರ ವಂಶವಾಹಿಯಲ್ಲಿಯೇ ಬರೆಯುವ ಯೋಚನೆ ಹುಟ್ಟಿತು. ಇದಕ್ಕೆ ರಿಪೋರ್ಟರ್ ಜೀನ್ ಎಂದು ಹೆಸರು. ಸೂಚಕ ಜೀನೆಂದು ನಾನು ಕರೆಯುವೆನು. ಇದರ ಸ್ವಾರಸ್ಯವಿರುವುದು ಇಷ್ಟರಲ್ಲಿ: ಜೀನೆಂಬುದು ಒಂದು ಪ್ರೋಟೀನನ್ನು ತಯಾರಿಸುವ ವಿಧಿ, ಕೋಶಕ್ಕೆ ಪ್ರಾಣವಿರುವವರೆಗೆ ಮಾತ್ರ ಆ ವಿಧಿಯು ನಡೆಯುವುದು. ಸತ್ತ ಕೋಶವು ಪ್ರೋಟೀನನ್ನು ಮಾಡಲಾರದು, ಆದುದರಿಂದ ಸುಳ್ಳು ಹೇಳಲಾರದು. ಕೋಶವು ಒಡೆದು ಸಾವಿರವಾದರೆ ವಿಧಿಯೂ ಸಾವಿರ ಪ್ರತಿಗಳಾಗಿ ಮಕ್ಕಳು ಮೊಮ್ಮಕ್ಕಳಿಗೆ ಪೂರ್ಣವಾಗಿ ಸಲ್ಲುವುದು. ಕಬ್ಬಿಣದ ಎರಡು ದೋಷಗಳೂ ಇಲ್ಲಿ ಒಂದೇ ಉಪಾಯದಿಂದ ನೀಗಿದುವು.

ಯಾವ ಪ್ರೋಟೀನು? ಶಾಂತಸಾಗರದ ಲೋಳೆಮೀನೊಂದರಲ್ಲಿ ಹಸಿರಾಗಿ ಹೊಳೆಯುವ ಪ್ರೋಟೀನನ್ನು ಶಿಮೊಮುರಾ ಎಂಬ ಜಪಾನಿನ ವಿಜ್ಞಾನಿಯು 1962ರಲ್ಲಿ ವರ್ಣಿಸಿದನು. ಅದನ್ನು ಬೇರೆ ಜೀವಿಗಳಲ್ಲಿ ಸೂಚಕವಾಗಿ ಬಳಸಬಹುದೆಂದು 1994ರಲ್ಲಿ ತೋರಿಸಿಕೊಟ್ಟ ಚಾಲ್ಫಿಯೂ, ಅದರ ಬಣ್ಣಗಳನ್ನು ಹಿಗ್ಗಿಸಿದ ಚಿಯೆನ್ನನೂ ಸೇರಿ ಮೂವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂದಿತು. ಮಿಣುಕುಹುಳದ ಬೆಳಕಿನ ಜೀನೂ ಇಲಿಗಳಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಆದರೆ ಬೆಳಕು ಇಲಿಯ ತೆಳುವಾದ ಮೈಯಿಂದ ಹೊರಬಂದಂತೆ ಮನುಷ್ಯನ ತಲೆಬುರುಡೆಯಿಂದಲೋ ಎದೆಗೂಡಿನಿಂದಲೋ ಹೊರಬರಲಾರದು. ಮನುಷ್ಯನಿಗೆ ಬೇರೆ ಸೂಚಕ ಬೇಕಾಯಿತು. ಅದು ದೊರೆತದ್ದು ಅನಿರೀಕ್ಷಿತವಾದ ಕಡೆಯಿಂದ. ತುಟಿಯಂಚಿನಲ್ಲಿ ನೀರುಗುಳ್ಳೆಯನ್ನೆಬ್ಬಿಸುವ ಹರ್ಪಿಸ್ ವೈರಸ್ಸಿನಲ್ಲಿ ಥೈಮಿಡಿನ್ ಕೈನೇಸ್ ಎಂಬ ಕಿಣ್ವವುಂಟು. ಕೆಲವು ರಾಸಾಯನಿಕಗಳು ಕೋಶದೊಳಗೆ ಬಂದರೆ ಈ ಕಿಣ್ವವು ಅವುಗಳಿಗೆ ಫಾಸ್ಫೇಟಿನ ಬೀಗವನ್ನು ಹಾಕಿ ಹೊರಗೆ ಹೋಗದಂತೆ ಹಿಡಿದಿಡುವುದು. ನಮ್ಮ ಶರೀರದ ಸ್ವಂತ ಕಿಣ್ವಗಳಿಗೆ ಆ ಕೆಲಸವು ಬಾರದೆಂದೇ ಹೇಳಬಹುದು. ಅಂತಹ ರಾಸಾಯನಿಕವೊಂದಕ್ಕೆ ವಿಕಿರಣಶೀಲವಾದ ಫ್ಲೋರಿನ್-18ನ್ನು ಸೇರಿಸಿ ರೋಗಿಯ ರಕ್ತಕ್ಕೆ ಬಿಟ್ಟರೆ, ಈ ಜೀನನ್ನು ಹೊತ್ತ ಕೋಶಗಳಲ್ಲಿ ಮಾತ್ರ ಅದು ಕೂಡಿಕೊಳ್ಳುವುದು. ಪೆಟ್ ಎಂಬ ಯಂತ್ರವು ಆ ಸ್ಥಳವನ್ನು ಚಿತ್ರದಲ್ಲಿ ತೋರಿಸುವುದು. ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಕ್ಯಾನ್ಸರ್ ರೋಗಿಗಳನ್ನು ಪರೀಕ್ಷಿಸುವ ಯಂತ್ರವೇ ಇದು.

ಈ ವಿದ್ಯೆಯನ್ನು ಬೆಳೆಸಿದವರಲ್ಲಿ ಅಗ್ರಗಣ್ಯರು ಅಂಬಾಲದಲ್ಲಿ 1962ರಲ್ಲಿ ಹುಟ್ಟಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಆಚಾರ್ಯರಾಗಿದ್ದ ಸಂಜೀವ ಗಂಭೀರರು. ಮಿದುಳಿನಲ್ಲಿ ಕ್ಯಾನ್ಸರ್ ಗಡ್ಡೆಯಾದ ರೋಗಿಯೊಬ್ಬನ ರಕ್ಷಣಾಕೋಶಗಳಿಗೆ ಈ ಜೀನನ್ನು ಸೇರಿಸಿ ಬಿಟ್ಟು, ಅವು ಗಡ್ಡೆಯ ಜಾಗವನ್ನು ಸೇರಿದುದನ್ನು ಹೊರಗಿನಿಂದಲೇ ಕಂಡ ವೃತ್ತಾಂತವು 2009ರಲ್ಲಿ ಪ್ರಕಟವಾಯಿತು. 2017ರಲ್ಲಿ ಏಳು ಮಂದಿಯ ವೃತ್ತಾಂತವು ಬಂದಿತು. ಅದೇ ಜಾತಿಯ ಗಡ್ಡೆಯಿಂದ ಗಂಭೀರರು 2015ರಲ್ಲಿ ತಮ್ಮ ಮಗನನ್ನು ಕಳೆದುಕೊಂಡರು. 2020ರಲ್ಲಿ ತಾವೂ ಕ್ಯಾನ್ಸರಿನಿಂದ ತೀರಿಕೊಂಡರು. ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸತಕ್ಕದ್ದು. ಈ ರೋಗಿಗಳಲ್ಲಿ ಗುರುತು ಹಾಕಿದ್ದು ರಕ್ಷಣಾಕೋಶಗಳಿಗೆ, ಆಕರಕೋಶಗಳಿಗಲ್ಲ. ಗುರುತಿಟ್ಟ ಆಕರಕೋಶಗಳನ್ನು ಹಿಂಬಾಲಿಸಿರುವುದು ಬಹುಮಟ್ಟಿಗೆ ಇಲಿ, ಹಂದಿ ಮೊದಲಾದ ಪ್ರಾಣಿಗಳಲ್ಲಿ. ಆದುದರಿಂದಲೇ ವಿಚಾರಮಾಡಲು ಇದು ತಕ್ಕ ಸಮಯ. ಮನುಷ್ಯರಲ್ಲಿ ರೂಢಿಯಾದ ಮೇಲೆ ಧರ್ಮವನ್ನು ಕೇಳುವವರು ಯಾರು?

ಕಂಡರೆ ಉಂಟು ಎಂಬುದು ನಿಶ್ಚಯವಾಯಿತು. ಕಾಣದಿದ್ದರೆ ಇಲ್ಲವೆನ್ನಬಹುದೇ? ಇದು ಕಠಿನವಾದ ಪ್ರಶ್ನೆ. ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಪ್ರತ್ಯೇಕವಾದ ಪ್ರಮಾಣವೆಂದೆಣಿಸಿದರು. ಎದುರಿನ ನೆಲದಲ್ಲಿ ಗಡಿಗೆಯು ಕಾಣದಿದ್ದರೆ ಗಡಿಗೆಯಿಲ್ಲವೆಂಬ ಜ್ಞಾನವಾಗುವುದು ಸರಿ. ಆದರೆ ಅವರು ಕಾಣದಿರುವಿಕೆಗೆಲ್ಲ ಆ ಬೆಲೆಯನ್ನು ಕೊಡಲಿಲ್ಲ. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬಂತಹ ಯೋಗ್ಯತೆಯಿದ್ದಲ್ಲಿ ಮಾತ್ರ ಕಾಣದಿರುವಿಕೆಯು ಪ್ರಮಾಣ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದರೆ ಅದು ಇಲ್ಲವೆನ್ನುವಂತಿಲ್ಲ. ಸೂಚಕ ಜೀನಿನ ವಿಷಯದಲ್ಲಿ ಈ ಯೋಗ್ಯತೆಯೇ ಸಂದೇಹಾಸ್ಪದ. ಹೊರಗಿನಿಂದ ತಂದು ಸೇರಿಸಿದ ಜೀನಿನ ಬಾಯನ್ನು ಕೋಶವು ಕಾಲಕ್ರಮದಲ್ಲಿ ಮುಚ್ಚಿಬಿಡುವುದುಂಟು. ವಿಧಿಯು ಒಳಗೆ ಇದ್ದೇ ಇರುವುದು, ಅದನ್ನು ಓದುವುದು ನಿಲ್ಲುವುದು. ಆಕರಕೋಶವು ಬೇರೆ ಬಗೆಯ ಕೋಶವಾಗಿ ಬೆಳೆಯುವಾಗ ಇದು ಇನ್ನೂ ಸಾಮಾನ್ಯ. ಮೇಲಾಗಿ ಯಂತ್ರದ ಕಣ್ಣಿಗೂ ಮಿತಿಯುಂಟು. ಒಂದೆಡೆ ಸಾಕಷ್ಟು ಕೋಶಗಳು ಗುಂಪಾಗಿದ್ದಲ್ಲದೆ ಅದು ಕಾಣಲಾರದು. ಕಾಳಿದಾಸನ ನಾಟಕದಲ್ಲಿ ಉಂಗುರವು ಕೈಯಲ್ಲಿಲ್ಲದ ಮಾತ್ರಕ್ಕೆ ಶಕುಂತಲೆಯು ಶಕುಂತಲೆಯಲ್ಲದೆ ಹೋದಳೇ? ಅಭಿಜ್ಞಾನವು ಕಳೆದುಹೋಗಿತ್ತು, ಅಷ್ಟೆ. ಚಿತ್ರದಲ್ಲಿ ಬೆಳಕಿಲ್ಲವೆಂದು “ಎಲ್ಲವೂ ಸತ್ತುಹೋದುವು, ಇನ್ನು ಭಯವಿಲ್ಲ” ಎಂದು ರೋಗಿಯನ್ನು ಮನೆಗೆ ಕಳುಹುವ ವೈದ್ಯನು ದುಷ್ಯಂತನ ಅವಸರವನ್ನು ಮಾಡಿದಂತಾಗುವುದು.

ಇದುವರೆಗೆ ಹೇಳಿದ್ದು ಗುರುತಿನ ಪ್ರಾಮಾಣ್ಯದ ಮಾತು. ಧರ್ಮದ ಮಾತು ಬೇರೆ. ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯವನ್ನು ಈ ಪತ್ರಿಕೆಯ ವಾಚಕರಲ್ಲಿ ನೋಡದವರು ವಿರಳ. ಹೊಯ್ಸಳ ವೀರ ಸೋಮೇಶ್ವರನ ಕಾಲದ, ಐದು ಗರ್ಭಗೃಹಗಳು ಸಾಲಾಗಿರುವ ಆ ಗುಡಿಯ ದ್ವಾರಪಾಲಕ ವಿಗ್ರಹಗಳಲ್ಲಿ ರೂವಾರಿ ಮಲ್ಲಿತಮ್ಮನ ಹೆಸರು ಕೊರೆದಿದೆ. ಸೋಮನಾಥಪುರದ ವಿಗ್ರಹಗಳಲ್ಲಿಯೂ ಅದೇ ಹೆಸರುಂಟು. ಎಂಟುನೂರು ವರ್ಷಗಳಾಗುತ್ತ ಬಂದರೂ ಈ ವಿಗ್ರಹವು ಯಾರದೆಂದು ಕೇಳಿದರೆ ಕಲ್ಲೇ ಉತ್ತರಕೊಡುವುದು. ಗುರುತೆಂದರೆ ಹೀಗಿರಬೇಕೆಂದು ಯಾರಿಗಾದರೂ ಅನ್ನಿಸೀತು. ಆದರೆ ಮಲ್ಲಿತಮ್ಮನ ಕಲ್ಲು ನಿಲ್ಲಿಸಿದೆಡೆಯಲ್ಲಿಯೇ ನಿಂತಿರುವುದು; ಹೆಸರನ್ನು ಕೊರೆದುದರಿಂದ ಅದಕ್ಕೆ ನೋವಾಗಲಿಲ್ಲ, ರೋಗ ಬರಲಿಲ್ಲ, ಅದರ ರೂಪವು ಕಿಂಚಿತ್ತೂ ಬದಲಾಗಲಿಲ್ಲ. ಜೀವಕೋಶಕ್ಕೆ ಹಾಕುವ ಗುರುತು ಈ ಸ್ವಭಾವದ್ದಲ್ಲ.

ಮೊದಲನೆಯದಾಗಿ, ಗುರುತಿನ ಜೀನನ್ನು ಕೋಶದ ವಂಶವಾಹಿಯೊಳಗೆ ಸೇರಿಸುವುದಕ್ಕೆ ಹಿಡಿಯುವ ದಾರಿಯೇ ಅಪಾಯಕ್ಕೆ ಎಡೆಗೊಡಬಲ್ಲದು. ಹುಟ್ಟಿನಿಂದಲೇ ರೋಗನಿರೋಧಶಕ್ತಿಯಿಲ್ಲದ ಮಕ್ಕಳಿಗೆ ಪ್ಯಾರಿಸ್ಸಿನಲ್ಲಿ ಜೀನ್ ಚಿಕಿತ್ಸೆಯನ್ನು ಕೊಟ್ಟು ಬಹಳ ಮಟ್ಟಿಗೆ ಗುಣಪಡಿಸಿದರು. ಆದರೆ 2002ರಿಂದೀಚೆಗೆ ಅವರಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು. ಸೇರಿಸಿದ ಜೀನು ವಂಶವಾಹಿಯಲ್ಲಿ ಕೂರಬಾರದ ಎಡೆಯಲ್ಲಿ ಕುಳಿತು, ನೆರೆಯಲ್ಲಿದ್ದ ಬೇರೊಂದು ಜೀನನ್ನು ಕೆರಳಿಸಿದುದೇ ಅದಕ್ಕೆ ಕಾರಣ. ಅದು ಚಿಕಿತ್ಸೆಯ ಜೀನು, ಸೂಚಕವಲ್ಲ; ಆದರೂ ಒಳಹೊಗುವ ಬಾಗಿಲು ಇಬ್ಬರಿಗೂ ಒಂದೇ. ಈಚೆಗೆ ವಾಹಕಗಳನ್ನು ಸುಧಾರಿಸಿದ್ದಾರೆ, ಗೊತ್ತಾದ ಎಡೆಯಲ್ಲಿಯೇ ಕೂರಿಸುವ ವಿದ್ಯೆಯೂ ಬಂದಿದೆ. ಅಪಾಯವು ತಗ್ಗಿದೆ, ತೀರಿಲ್ಲ. ಎರಡನೆಯದಾಗಿ, ಗುರುತು ಪರಕೀಯವಾದುದಾದರೆ ಶರೀರವು ಅದನ್ನು ಸಹಿಸುವುದಿಲ್ಲ. 1996ರಲ್ಲಿ ಅಮೆರಿಕದ ಸಿಯಾಟಲ್ ನಗರದಿಂದ ಬಂದ ವರದಿಯಂತೆ, ಹರ್ಪಿಸ್ಸಿನ ಈ ಜೀನನ್ನೊಳಗೊಂಡ ರಕ್ಷಣಾಕೋಶಗಳನ್ನು ಆರು ರೋಗಿಗಳಿಗೆ ಕೊಟ್ಟಾಗ ಐವರ ಶರೀರವು ಅವನ್ನು ಶತ್ರುಗಳೆಂದು ಗ್ರಹಿಸಿ ಅವುಗಳ ಮೇಲೆ ಬಿದ್ದಿತು. ಸೇವಕನಿಗೆ ಹಾಕಿದ ಮುದ್ರೆಯೇ ಸೇವಕನ ಮರಣಕ್ಕೆ ಕಾರಣವಾದಂತಾಯಿತು. ಇದಕ್ಕೆ ಪರಿಹಾರವಾಗಿ ಮನುಷ್ಯನ ಸ್ವಂತ ಜೀನುಗಳನ್ನೇ ಸೂಚಕಗಳನ್ನಾಗಿ ಮಾಡುವ ಪ್ರಯತ್ನ ನಡೆದಿದೆ. ಗಳಗ್ರಂಥಿಯು ಅಯೋಡಿನನ್ನು ರಕ್ತದಿಂದ ಸೆಳೆದುಕೊಳ್ಳುವುದು ಯಾವ ಪ್ರೋಟೀನಿನ ಬಲದಿಂದಲೋ ಅದರ ಜೀನನ್ನು ಬೇರೆಯ ಕೋಶಕ್ಕೆ ಕೊಟ್ಟರೆ, ಆ ಕೋಶವೂ ವಿಕಿರಣಶೀಲ ಅಯೋಡಿನನ್ನು ಸೆಳೆದು ಚಿತ್ರದಲ್ಲಿ ಕಾಣಿಸಿಕೊಳ್ಳುವುದು. ನಮ್ಮದೇ ಪ್ರೋಟೀನಾದುದರಿಂದ ಶರೀರವು ಮುನಿಯಲು ಕಾರಣವಿಲ್ಲ.

ಮೂರನೆಯದು ಎಲ್ಲಕ್ಕಿಂತ ಸೂಕ್ಷ್ಮವಾದುದು. ಚಿಕಿತ್ಸೆಯ ಜೀನಿನ ಫಲವನ್ನು ಉಣ್ಣುವವನು ರೋಗಿ. ಸೂಚಕ ಜೀನಿನ ಫಲವು ಜ್ಞಾನ. ಅದನ್ನು ಉಣ್ಣುವವರು ವೈದ್ಯರು, ವಿಜ್ಞಾನಿಗಳು, ಮುಂದೆ ಬರುವ ಬೇರೆ ರೋಗಿಗಳು. ಅಪಾಯವನ್ನು ಹೊರುವವನೊಬ್ಬ, ಫಲವನ್ನು ಪಡೆಯುವವನು ಮತ್ತೊಬ್ಬ. ಲೋಕೋಪಕಾರಕ್ಕಾಗಿ ಒಬ್ಬನು ತನ್ನ ಶರೀರದಲ್ಲಿ ಸ್ವಇಚ್ಛೆಯಿಂದ ಅಪಾಯವನ್ನು ಹೊತ್ತರೆ ಅದು ದಾನ, ಶ್ಲಾಘ್ಯ. ತಿಳಿಯದೆ ಹೊತ್ತರೆ ಅದು ದಾನವಲ್ಲ, ಸುಂಕ. ವೈದ್ಯನು ರೋಗಿಗೆ “ನಿನಗೆ ಔಷಧವನ್ನು ಕೊಡುವೆನು” ಎಂದು ಹೇಳಿ, ಅದರ ಜೊತೆಗೆ ತನ್ನ ತಿಳಿವಳಿಕೆಗೆಂದು ಮತ್ತೊಂದನ್ನು ಸೇರಿಸಿದರೆ, ಸೇರಿಸಿದ್ದು ನಿರುಪದ್ರವಿಯಾದರೂ ಮಾತು ಕೆಟ್ಟಿತು.

ಹಾಗಾದರೆ ಗುರುತಿಲ್ಲದೆ ಕಳುಹುವುದೇ ಸಾಧುವೆನ್ನೋಣವೇ? ಅವಸರಪಡಬಾರದು. ಇಸ್ರೇಲ್ ದೇಶದ ಬಾಲಕನೊಬ್ಬನಿಗೆ ನಡಿಗೆ ತಪ್ಪಿಸುವ ಅನುವಂಶಿಕ ರೋಗವಿತ್ತು. ತಂದೆತಾಯಿಗಳು ಅವನನ್ನು ಮಾಸ್ಕೋ ನಗರಕ್ಕೆ ಕರೆದೊಯ್ದು, ಗರ್ಭಸ್ಥ ಶಿಶುಗಳಿಂದ ತೆಗೆದ ನರದ ಆಕರಕೋಶಗಳನ್ನು ಮಿದುಳಿಗೆ ಒಂದಕ್ಕಿಂತ ಹೆಚ್ಚು ಸಲ ಬಿಡಿಸಿದರು. ಮೊದಲ ಚಿಕಿತ್ಸೆಯಾದ ನಾಲ್ಕು ವರ್ಷಗಳ ಮೇಲೆ ಮಿದುಳಿನಲ್ಲಿಯೂ ಬೆನ್ನುಹುರಿಯ ಬಳಿಯೂ ಗಡ್ಡೆಗಳು ಕಂಡುಬಂದುವು. ಕೊಯ್ದು ತೆಗೆದು ಪರೀಕ್ಷಿಸಿದಾಗ ಗಡ್ಡೆಯು ಬಾಲಕನ ಸ್ವಂತ ಕೋಶಗಳದ್ದಲ್ಲ, ಹೊರಗಿನಿಂದ ಬಂದವುಗಳದೆಂದು ಸಿದ್ಧವಾಯಿತು. 2009ರಲ್ಲಿ ಪ್ರಕಟವಾದ ಈ ವೃತ್ತಾಂತವನ್ನು ಓದಿದವರಿಗೆ ಗುರುತಿನ ಬೆಲೆಯು ಬೇರೆಯಾಗಿಯೇ ಕಾಣುವುದು. ನಾಲ್ಕು ವರ್ಷ ಆ ಕೋಶಗಳು ಒಳಗೆ ಏನು ಮಾಡುತ್ತಿದ್ದುವೆಂದು ಬಿಟ್ಟವರಿಗೂ ಗೊತ್ತಿರಲಿಲ್ಲ, ಬಿಡಿಸಿಕೊಂಡವರಿಗೂ ಗೊತ್ತಿರಲಿಲ್ಲ. ಹೊಲಕ್ಕೆ ಗೂಳಿಯನ್ನು ಬಿಟ್ಟು ಕಣ್ಣುಮುಚ್ಚಿ ಕುಳಿತವನು, ಬೆಳೆ ಹಾಳಾದ ಮೇಲೆ “ಗೂಳಿಗೆ ಗುರುತು ಹಾಕಿದ್ದರೆ ಅದಕ್ಕೆ ನೋವಾಗುತ್ತಿತ್ತು” ಎಂದರೆ ನ್ಯಾಯಸ್ಥಾನದಲ್ಲಿ ಯಾರು ಒಪ್ಪುವರು?

ಇಲ್ಲಿ ಪ್ರಕೃತಕ್ಕೆ ಅತ್ಯಂತ ಉಪಯುಕ್ತವಾದ ಒಂದು ವಿಶೇಷವನ್ನು ಹೇಳಬೇಕು. ಹರ್ಪಿಸ್ಸಿನ ಆ ಜೀನು ಬರಿಯ ಸಾಕ್ಷಿಯಲ್ಲ. ಗ್ಯಾನ್‌ಸೈಕ್ಲೋವಿರ್ ಎಂಬ ಔಷಧವನ್ನು ರೋಗಿಗೆ ಕೊಟ್ಟರೆ, ಈ ಜೀನಿರುವ ಕೋಶಗಳು ಅದನ್ನು ತಮಗೆ ತಾವೇ ವಿಷವನ್ನಾಗಿ ಮಾಡಿಕೊಂಡು ಸಾಯುವುವು. ಉಳಿದ ಕೋಶಗಳಿಗೆ ಅಂತಹ ಹಾನಿಯಿಲ್ಲ. ಅಂದರೆ ಎಲ್ಲಿದೆಯೆಂದು ಹೇಳುವ ಗುರುತೇ ಹಿಂದಕ್ಕೆ ಕರೆಯುವ ಹಗ್ಗವೂ ಆಗಿದೆ. ಇಟಲಿಯ ಮಿಲಾನ್ ನಗರದ ವೈದ್ಯರು ಮೂಳೆಮಜ್ಜೆಯ ಕಸಿಯಾದವರಿಗೆ ದಾನಿಯ ರಕ್ಷಣಾಕೋಶಗಳನ್ನು ಈ ಜೀನಿನೊಡನೆ ಕೊಟ್ಟು, ಕೆಲವರಲ್ಲಿ ಅವು ರೋಗಿಯ ಶರೀರವನ್ನೇ ಆಕ್ರಮಿಸಿದಾಗ ಗ್ಯಾನ್‌ಸೈಕ್ಲೋವಿರಿನಿಂದ ಅವನ್ನು ಅಡಗಿಸಿದುದನ್ನು 1997ರಲ್ಲಿ ಪ್ರಕಟಿಸಿದರು. ಇಲಿಗಳಲ್ಲಿ ಭ್ರೂಣದ ಆಕರಕೋಶಗಳು ಗಡ್ಡೆಗಳಾಗಿ ಬೆಳೆದುದನ್ನು ಚಿತ್ರದಲ್ಲಿ ಕಂಡು, ಅದೇ ಔಷಧದಿಂದ ಅವನ್ನು ನಾಶಪಡಿಸಿದ ಪ್ರಯೋಗವು 2007ರಲ್ಲಿ ಬಂದಿತು. ಗಳಗ್ರಂಥಿಯ ಜೀನಿನಲ್ಲಿಯೂ ಈ ಗುಣವನ್ನು ಕಾಣಬಹುದು. ಚಿತ್ರಕ್ಕೆ ಒಂದು ಬಗೆಯ ಅಯೋಡಿನ್, ಸಂಹಾರಕ್ಕೆ ಮತ್ತೊಂದು ಬಗೆಯ ಅಯೋಡಿನ್.

ನನ್ನ ನಿರ್ಣಯವು ಈ ವಿಶೇಷದ ಮೇಲೆ ನಿಂತಿರುವುದು. ನೋಡುವುದಕ್ಕೆ ಮಾತ್ರ ಹಾಕಿದ ಗುರುತು ನೋಡುವವನ ಸ್ವತ್ತು. ಹಿಂದಕ್ಕೆ ಕರೆಯುವುದಕ್ಕೂ ಬರುವ ಗುರುತು ರೋಗಿಯ ರಕ್ಷೆ. ಅದು ಚಿಕಿತ್ಸೆಯದೇ ಒಂದು ಅಂಗ. ಮೊದಲನೆಯದನ್ನು ರೋಗಿಯಿಂದ ದಾನವಾಗಿ ಬೇಡಿ ಪಡೆಯಬೇಕು, ಕೊಡದಿದ್ದರೆ ಚಿಕಿತ್ಸೆಯನ್ನು ತಪ್ಪಿಸಕೂಡದು. ಎರಡನೆಯದನ್ನು ಸೇರಿಸದೆ, ಮಿದುಳು ಹೃದಯಗಳಂತಹ ಕಾಣದ ಎಡೆಗಳಿಗೆ ಬೆಳೆಯುವ ಶಕ್ತಿಯುಳ್ಳ ಕೋಶಗಳನ್ನು ಬಿಡುವುದೇ ತಪ್ಪು. ಹಿಂದಕ್ಕೆ ಕರೆಯಲಾರದ ಅಸ್ತ್ರವನ್ನು ಬಿಡಬಾರದೆಂಬುದು ಅಶ್ವತ್ಥಾಮನ ಕಥೆಯನ್ನು ಕೇಳಿದ ಹುಡುಗರಿಗೂ ಗೊತ್ತು. ಬಿಟ್ಟದ್ದನ್ನು ಅರ್ಜುನನು ಹಿಂದಕ್ಕೆಳೆದನು, ಗುರುಪುತ್ರನಿಗೆ ಅದು ಸಾಧ್ಯವಾಗಲಿಲ್ಲ, ಪೆಟ್ಟು ಬಿದ್ದುದು ಗರ್ಭದ ಶಿಶುವಿಗೆ.

ಎಲ್ಲ ಕೋಶಗಳಿಗೂ ಗುರುತು ಬೇಕೆಂದು ಇದರಿಂದ ತಿಳಿಯಬಾರದು. ಕಾಲಿನ ರಕ್ತನಾಳಗಳು ಮುಚ್ಚಿಹೋಗಿ ಬೆರಳುಗಳು ಕೊಳೆಯುವ ಬರ್ಗರ್ ರೋಗವನ್ನು ಬೀಡಿ ಸೇದುವ ನಮ್ಮ ಜನ ಚೆನ್ನಾಗಿ ಬಲ್ಲರು. ಅದಕ್ಕೆ ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯು ದಾನಿಗಳ ಮೂಳೆಮಜ್ಜೆಯಿಂದ ತಯಾರಿಸಿದ ಕೋಶಗಳ ಔಷಧಕ್ಕೆ 2016ರಲ್ಲಿ ಸರಕಾರದ ಮಿತವಾದ ಅನುಮತಿ ದೊರೆಯಿತು. ಮೀನಖಂಡದ ಮಾಂಸಕ್ಕೆ ಚುಚ್ಚುವ ಆ ಕೋಶಗಳಿಗೆ ಸೂಚಕ ಜೀನಿಲ್ಲ. ಹುಣ್ಣು ಮಾಯಿತೇ, ನೋವು ಇಳಿಯಿತೇ ಎಂದು ಕಾಲನ್ನೇ ನೋಡಿ ತೀರ್ಮಾನಿಸುವರು. ಇನ್ನೊಂದು ಇದಕ್ಕಿಂತ ಸ್ವಾರಸ್ಯವಾದುದು. ಬೆಂಗಳೂರಿನಲ್ಲಿ 2009ರಲ್ಲಿ ಸ್ಥಾಪಿತವಾದ ಇನ್‌ಸ್ಟೆಮ್ ಎಂಬ ಆಕರಕೋಶ ಸಂಶೋಧನಾಲಯದ ಅಂಗವಾದ ವೆಲ್ಲೂರಿನ ಕೇಂದ್ರವೂ ಅಲ್ಲಿಯ ಕ್ರೈಸ್ತ ವೈದ್ಯಕೀಯ ಕಾಲೇಜೂ ಸೇರಿ, ರಕ್ತವು ಹೆಪ್ಪುಗಟ್ಟದ ಹಿಮೋಫಿಲಿಯ ರೋಗದ ಐವರಿಗೆ, ಅವರವರದೇ ಆಕರಕೋಶಗಳಲ್ಲಿ ಕೊರತೆಯ ಜೀನನ್ನು ಸೇರಿಸಿ ತಿರುಗಿ ಕೊಟ್ಟ ವೃತ್ತಾಂತವು 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಅವರಲ್ಲಿ ರಕ್ತಸ್ರಾವದ ಪ್ರಸಂಗಗಳು ನಿಂತುವು. ಕೋಶಗಳು ಬದುಕಿವೆಯೇ ಎಂದು ತಿಳಿಯಲು ಅಲ್ಲಿ ಯಂತ್ರದ ಚಿತ್ರವೇಕೆ? ತೋಳಿನಿಂದ ಒಂದಿಷ್ಟು ರಕ್ತವನ್ನು ತೆಗೆದು, ಹೆಪ್ಪುಗಟ್ಟಿಸುವ ಅಂಶವು ಎಷ್ಟಿದೆಯೆಂದು ಅಳೆದರಾಯಿತು. ಚಿಕಿತ್ಸೆಯ ಫಲವೇ ಸೂಚಕ. ಫಲವೇ ಮಾತನಾಡುವಲ್ಲಿ ಬೇರೆಯ ಸಾಕ್ಷಿಯನ್ನು ಕರೆಯುವುದು ಗೌರವದೋಷವೆಂದು ತಾರ್ಕಿಕರು ಹೇಳುವರು.

ಇನ್ನು ನೋಡುವ ಹೊಣೆ. ಗುರುತನ್ನು ಹಾಕಿದವನು ಎಷ್ಟು ಕಾಲ ನೋಡತಕ್ಕವನು? ವಂಶವಾಹಿಯಲ್ಲಿ ಶಾಶ್ವತವಾಗಿ ಕೂರುವ ಜೀನುಗಳನ್ನು ಕೊಟ್ಟವರನ್ನು ಹದಿನೈದು ವರ್ಷ ಹಿಂಬಾಲಿಸಬೇಕೆಂದು ಅಮೆರಿಕದ ಔಷಧಾಡಳಿತವು ಹೇಳುವುದು. ಹದಿನೈದು ವರ್ಷಗಳಲ್ಲಿ ಸಂಶೋಧಕನು ನಿವೃತ್ತನಾಗುವನು, ಸಂಸ್ಥೆಯ ಹೆಸರು ಬದಲಾಗುವುದು, ರೋಗಿಯ ಮಗ ಮನೆಯನ್ನು ಮೈಸೂರಿಗೆ ಸಾಗಿಸುವನು. ಫ್ಲೋರಿನ್-18 ಎಂಬುದು 110 ನಿಮಿಷಗಳಲ್ಲಿ ಅರ್ಧಕ್ಕಿಳಿಯುವ ಪದಾರ್ಥ. ಕೃಷ್ಣರಾಜಪೇಟೆಯ ಬಸ್ಸು ಬೆಂಗಳೂರನ್ನು ಮುಟ್ಟುವುದರೊಳಗೆ ಅದರ ಬಹುಪಾಲು ಕರಗಿರುವುದು. ಆದುದರಿಂದ ಪರೀಕ್ಷೆಯು ಹಳ್ಳಿಗೆ ಬರಲಾರದು, ಹಳ್ಳಿಯವನೇ ಪರೀಕ್ಷೆಗೆ ಹೋಗಬೇಕು. ಒಂದು ದಿನದ ಕೂಲಿ, ಇಬ್ಬರ ಬಸ್ಸಿನ ಹಣ, ಯಂತ್ರದ ಶುಲ್ಕ ಇವನ್ನು ಹದಿನೈದು ವರ್ಷ ಯಾರು ಕೊಡುವರೆಂದು ಮೊದಲ ದಿನವೇ ಬರೆದಿಡದಿದ್ದರೆ, ಗುರುತು ಒಳಗೆ ಇದ್ದುಕೊಂಡು ಕೇಳುವವರಿಲ್ಲದೆ ಹೋಗುವುದು.

ರೋಗಿಗೆ ಅನುಕೂಲವಾದ ಒಂದು ಸಂಗತಿಯನ್ನು ಮರೆಯಬಾರದು. ದನಕ್ಕೆ ಕಾಸಿ ಒತ್ತಿದ ಮುದ್ರೆಯು ದಾರಿಹೋಕರಿಗೆಲ್ಲ ಕಾಣುವುದು. ಈ ಗುರುತು ಹಾಗಲ್ಲ. ಪ್ರತಿಸಾರಿಯೂ ವಿಕಿರಣದ ದ್ರವವನ್ನು ತೋಳಿಗೆ ಚುಚ್ಚಿಸಿಕೊಂಡಲ್ಲದೆ ಅದು ಬಾಯಿಬಿಡದು. ಆದುದರಿಂದ ಗುರುತನ್ನು ಒಮ್ಮೆ ಒಪ್ಪಿದವನು ನೋಟವನ್ನು ಪ್ರತಿಸಾರಿ ಒಪ್ಪಬೇಕಾಗುವುದು. ಬೇಡವೆನ್ನುವ ಸ್ವಾತಂತ್ರ್ಯವು ಅವನ ಕೈಯಲ್ಲಿಯೇ ಉಳಿಯುವುದು. ಪ್ರಯೋಗದಿಂದ ಹೊರಬರುತ್ತೇನೆಂದರೆ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು, ಕೋಶಗಳನ್ನು ಶರೀರದಿಂದ ತೆಗೆಯಲಾಗದು. ಆಗ ಹಿಂದಕ್ಕೆ ಕರೆಯುವ ಔಷಧವನ್ನು ಕೇಳಿ ಪಡೆಯುವ ಹಕ್ಕು ಅವನಿಗೆ ಉಂಟೇ ಎಂಬುದನ್ನು ಒಪ್ಪಿಗೆಪತ್ರದಲ್ಲಿಯೇ ಹೇಳಿರಬೇಕು.

ಒಪ್ಪಿಗೆಪತ್ರವು ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕೆಂದು ನಿಯಮವುಂಟು. ರಿಪೋರ್ಟರ್ ಜೀನೆಂಬುದನ್ನು ವರದಿಗಾರ ವಂಶವಾಹಿಯೆಂದು ಕನ್ನಡಿಸಿದರೆ ನಮ್ಮ ರೈತನು ಪತ್ರಿಕೆಯವರು ಯಾರೋ ಬರುವರೆಂದು ಭಾವಿಸಿಯಾನು. ನಾನಿಟ್ಟ ಸೂಚಕವೆಂಬ ಹೆಸರೂ ಶಾಲೆಯ ಮಾತೇ. “ನಿಮ್ಮೊಳಗೆ ಬಿಡುವ ಕಣಗಳಿಗೆ ಗುರುತು ಹಾಕಿರುತ್ತೇವೆ” ಎಂದು ಬರೆದರೆ ಕುರಿ ಕಾಯುವ ಹುಡುಗನಿಗೂ ಅರ್ಥವಾಗುವುದು. ಕುರಿಯವನು ಒಡನೆಯೇ ಕೇಳುವುದು ಗುರುತು ಯಾರದು, ಕುರಿ ತಪ್ಪಿಸಿಕೊಂಡರೆ ಯಾರನ್ನು ಕರೆಯಬೇಕು ಎಂದು. ಪತ್ರದ ಆ ಸಾಲಿನ ಕೆಳಗೆ ಸಂಸ್ಥೆಯ ಮುದ್ರೆಯೊಂದೇ ಸಾಲದು. ಒಬ್ಬ ವೈದ್ಯನ ಹೆಸರು, ಅವನ ನಂತರ ಹೊಣೆ ಹೊರುವವನ ಹೆಸರು, ರಾತ್ರಿಯಲ್ಲಿಯೂ ಕರೆಯಬಹುದಾದ ದೂರವಾಣಿಯ ಸಂಖ್ಯೆ ಇವಿಷ್ಟೂ ಇರತಕ್ಕದ್ದು.